ಮೋದೀಮ್: ವಂದನೆಯೋ, ಒಪ್ಪಿಗೆಯೋ?

ಪ್ರಶ್ನೆ: ಯೆಹೂದಿಗಳು ದಿನವೂ ಹೇಳುವ 'ಮೋದೀಮ್' ಪ್ರಾರ್ಥನೆಯ ಎರಡು ಇಂಗ್ಲಿಷ್ ಅನುವಾದಗಳನ್ನು ಓದಿದೆ. ಒಂದರಲ್ಲಿ 'ವಂದಿಸುತ್ತೇವೆ' ಎಂದಿದೆ, ಇನ್ನೊಂದರಲ್ಲಿ 'ಒಪ್ಪಿಕೊಳ್ಳುತ್ತೇವೆ' ಎಂದು. ಯಾವುದು ಸರಿ? ಇದು ಪಾಪನಿವೇದನೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಸರಿ. ಬಹಳ ವರ್ಷ ವಕೀಲಿ ಮಾಡಿದ ನನಗೆ ಈ ಪದ ತಿಳಿದದ್ದು ಪ್ರಾರ್ಥನೆಯ ಪುಸ್ತಕದಿಂದಲ್ಲ, ಯೆಹೂದಿ ಧರ್ಮಶಾಸ್ತ್ರದ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ಬರುವ ಒಂದು ಸಾಲದ ವ್ಯಾಜ್ಯದಿಂದ. 'ನನಗೆ ನೂರು ಬರಬೇಕು' ಎನ್ನುತ್ತಾನೆ ಒಬ್ಬ. 'ನೂರಲ್ಲ, ಐವತ್ತು' ಎನ್ನುತ್ತಾನೆ ಇನ್ನೊಬ್ಬ. ಹಾಗೆ ಐವತ್ತನ್ನು ಒಪ್ಪಿಕೊಂಡವನು 'ಮೋದೆ'. ಉಳಿದ ಐವತ್ತು ತನ್ನ ಮೇಲಿಲ್ಲ ಎಂದು ಅವನು ಪ್ರಮಾಣ ಮಾಡಬೇಕು. ಈ ಮೋದೆಯ ಬಹುವಚನವೇ ಮೋದೀಮ್. ಇಸ್ರೇಲಿನಲ್ಲಿ ಇವತ್ತು ಅಂಗಡಿಯವನಿಗೆ ಹೇಳುವ 'ತೋದಾ', ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನಲ್ಲಿ ಎದೆ ತಟ್ಟಿಕೊಂಡು ಮಾಡುವ ಪಾಪನಿವೇದನೆ 'ವಿದ್ದುಯ್', ಎರಡೂ ಇದೇ ಧಾತುವಿನವು. 'ನಿಮ್ಮ ಋಣ ನನ್ನ ಮೇಲಿದೆ' ಎಂದು ನಾವು ಹೇಳುವಾಗ ವಂದನೆ ಎಲ್ಲಿ ಮುಗಿಯಿತು, ಸಾಲದ ಒಪ್ಪಿಗೆ ಎಲ್ಲಿ ಶುರುವಾಯಿತು, ಹೇಳಿ ನೋಡೋಣ.

ಮೋದೀಮ್‌ನಲ್ಲಿ ಪಾಪದ ಮಾತಿಲ್ಲ. ಮೋದೀಮ್ ಒಂದು ದೊಡ್ಡ ನಿತ್ಯಪ್ರಾರ್ಥನೆಯ ಭಾಗ; ಕ್ಷಮೆ ಬೇಡುವುದು ಅದರ ಆರನೆಯ ಭಾಗದಲ್ಲಿ. ಇಲ್ಲಿ ಒಪ್ಪಿಕೊಳ್ಳುವುದು ಪಡೆದದ್ದನ್ನು: ದೇವರ ಕೈಯಲ್ಲಿರುವ ನಮ್ಮ ಬದುಕನ್ನು, ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಜೊತೆಗೇ ಇರುವ ಅವನ ಅದ್ಭುತಗಳನ್ನು.

ಜೆರುಸಲೇಮಿನ ದೇವಾಲಯದಲ್ಲಿ ಯೋಮ್ ಕಿಪ್ಪೂರ್ ದಿನ ಮಹಾಯಾಜಕ ಇಂಥದೊಂದು ವಂದನೆ ಹೇಳುತ್ತಿದ್ದನೆಂದು ಯೆಹೂದಿ ನಿಯಮಗಳ ಹಳೆಯ ಸಂಕಲನವಾದ ಮಿಷ್ನಾದಲ್ಲಿದೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟರು. ಬಲಿ ನಿಂತಿತು, ಮಾತು ಉಳಿಯಿತು. ಆಮೇಲೆ ಯಾವ್ನೆ ಊರಿನಲ್ಲಿ ಪಂಡಿತರ ನಾಯಕ ರಬ್ಬಾನ್ ಗಮ್ಲಿಯೇಲ್ ಎದುರು ಈ ನಿತ್ಯಪ್ರಾರ್ಥನೆಯ 'ಹದಿನೆಂಟು' ಭಾಗಗಳನ್ನು ಕ್ರಮಕ್ಕೆ ತಂದರು ಎನ್ನುತ್ತದೆ ತಾಲ್ಮುದ್.

'ಒಪ್ಪಿಗೆ' ಎಂಬ ಅರ್ಥಕ್ಕೆ ನನ್ನನ್ನು ಪೂರ್ತಿ ಒಲಿಸಿದ್ದು ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾದ ಒಂದು ನಿಯಮ. ಯಾರಾದರೂ 'ಮೋದೀಮ್, ಮೋದೀಮ್' ಎಂದು ಎರಡು ಸಲ ಹೇಳಿದರೆ ಅವನನ್ನು ಸುಮ್ಮನಿರಿಸಬೇಕಂತೆ! ಬರೀ ವಂದನೆಯಾಗಿದ್ದರೆ ಎರಡು ಸಲ ಹೇಳಿದರೇನು ತಪ್ಪು? ಎರಡು ದೇವರನ್ನು ಒಪ್ಪಿಕೊಂಡಂತೆ ಕಾಣುತ್ತದೆ ಎಂಬುದು ತಾಲ್ಮುದ್ ಕೊಡುವ ಕಾರಣ.

ಇನ್ನೊಂದು ವಿಷಯ, ನನಗೆ ತುಂಬ ಪ್ರಿಯವಾದದ್ದು. ಪ್ರಾರ್ಥನೆ ನಡೆಸುವವರು ಮೋದೀಮ್ ಅನ್ನು ಗಟ್ಟಿಯಾಗಿ ಹೇಳುವಾಗ ಸಭೆಯವರು ಬಾಗಿ ಬೇರೆಯದೇ ಒಂದು ಮೋದೀಮ್ ಅನ್ನು ಮೆಲ್ಲಗೆ ಹೇಳುತ್ತಾರೆ. ಅದರ ಮಾತು ಹೇಗಿರಬೇಕೆಂದು ಒಬ್ಬೊಬ್ಬ ರಬ್ಬಿ (ಧರ್ಮಗುರು) ಒಂದೊಂದು ಹೇಳಿದಾಗ, 'ಹಾಗಾದರೆ ಎಲ್ಲವನ್ನೂ ಹೇಳೋಣ' ಎಂದರಂತೆ ತಾಲ್ಮುದ್ ಕಾಲದ ರಬ್ಬಿ ರಾವ್ ಪಾಪಾ. ಉಳಿದ ಭಾಗಗಳಿಗೆಲ್ಲ ಸಭೆ 'ಆಮೆನ್' ಅಂದರೆ ಸಾಕು, ಇದಕ್ಕೆ ಮಾತ್ರ ಏಕೆ ಸ್ವಂತ ಮಾತು? ಬೇಡುವುದನ್ನು ಇನ್ನೊಬ್ಬರ ಬಾಯಿಂದ ಬೇಡಬಹುದು, ಒಡೆಯನಿಗೆ ವಂದನೆಯನ್ನು ದೂತನ ಕೈಲಿ ಕಳಿಸಲಾಗದು ಎಂದು 14ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್‌ನ ಪ್ರಾರ್ಥನೆಗಳ ವ್ಯಾಖ್ಯಾನಕಾರ ಅಬುದರ್ಹಾಮ್ ವಿವರಿಸಿದ.

ಕನ್ನಡಕ್ಕೆ ತರುವುದಾದರೆ ನಾನು 'ನಿನ್ನ ಋಣ ಒಪ್ಪಿಕೊಳ್ಳುತ್ತೇವೆ' ಎಂದು ಬರೆಯುತ್ತೇನೆ.