ವಿಶ್ರಾಂತಿ ದಿನವೂ ಆ ಮುಕ್ಕಾಲು ಗಂಟೆ ನಿಮ್ಮದೇ

ಪ್ರಶ್ನೆ: ನನಗೆ 41 ವರ್ಷ, ಬ್ಯಾಂಕಿನಲ್ಲಿ ಕೆಲಸ. ಒಂದು ವರ್ಷದಿಂದ ಬೆಳಗ್ಗೆ ಐದೂವರೆಗೆ ಎದ್ದು ಮಹಡಿ ಕೋಣೆಯಲ್ಲಿ ಮುಕ್ಕಾಲು ಗಂಟೆ ವ್ಯಾಯಾಮ ಮಾಡುತ್ತೇನೆ. ಡಂಬೆಲ್, ಬಸ್ಕಿ, ಕೊನೆಗೆ ಸ್ಕಿಪ್ಪಿಂಗ್. ವಾರದ ಏಳೂ ದಿನ. ಈಚೆಗೆ ಮಂಡಿ ನೋವು, ನಿದ್ದೆ ಸರಿಯಿಲ್ಲ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಒಂದು ದಿನ ಬಿಡೋಣವೆಂದು ಕೆಳಗೇ ಉಳಿದರೆ ಅತ್ತೆಯವರು ‘ಹೇಗೂ ಇವತ್ತು ಮೇಲೆ ಹೋಗಲ್ವಲ್ಲ, ತಿಂಡಿ ಬೇಗ ಮುಗಿಸಿಬಿಡು’ ಅನ್ನುತ್ತಾರೆ. ಯಜಮಾನರೂ ಸುಮ್ಮನಿರುತ್ತಾರೆ. ಒಮ್ಮೆ ಬಿಟ್ಟರೆ ಆ ಹೊತ್ತು ಮತ್ತೆ ಸಿಗುವುದಿಲ್ಲವೆಂಬ ಭಯ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಮನೆಯಲ್ಲಿ ಹೆಂಗಸಿನ ಕೈ ಖಾಲಿ ಕಂಡರೆ ಕೆಲಸ ತಾನಾಗಿ ಹುಟ್ಟಿಕೊಳ್ಳುತ್ತದೆ. ಹಾಗಾಗಿ ‘ಎರಡು ದಿನ ರೆಸ್ಟ್ ತಗೊಳ್ಳಿ’ ಎಂದಷ್ಟೇ ಹೇಳಿದರೆ ನಿಮಗೆ ಪ್ರಯೋಜನವಿಲ್ಲ. ವಿಶ್ರಾಂತಿಯ ದಿನವೂ ಅದೇ ಹೊತ್ತಿಗೆ ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳಿ. ಒಳಗೆ ಚಾಪೆ ಹಾಸಿ ಮಲಗಿ, ಕೈಕಾಲು ನಿಧಾನಕ್ಕೆ ಚಾಚಿ, ಬೇಕಾದರೆ ಹಾಡು ಕೇಳಿ. ಬಟ್ಟೆ ಮಡಚುವ ಕೆಲಸ ಮಾತ್ರ ಮೇಲೆ ಒಯ್ಯಬೇಡಿ.

ವಿಶ್ರಾಂತಿ ಬೇಕೇ ಬೇಕು, ಏಕೆಂದರೆ ಸ್ನಾಯು ಬಲಗೊಳ್ಳುವುದು ಡಂಬೆಲ್ ಎತ್ತುವಾಗಲ್ಲ. ಎತ್ತುವಾಗ ಅದು ದಣಿದು ಸೂಕ್ಷ್ಮವಾಗಿ ಘಾಸಿಯಾಗುತ್ತದೆ. ಮುಂದಿನ ಒಂದೆರಡು ದಿನದಲ್ಲಿ ದೇಹ ಅದನ್ನು ದುರಸ್ತಿ ಮಾಡಿ ಗಟ್ಟಿಗೊಳಿಸುತ್ತದೆ. ಅದಕ್ಕೇ ಒಂದೇ ಭಾಗದ ಸ್ನಾಯುಗಳಿಗೆ ಭಾರದ ವ್ಯಾಯಾಮ ಕೊಡುವಾಗ ನಡುವೆ ಸುಮಾರು 48 ಗಂಟೆ ಅಂತರವಿರಲಿ ಎನ್ನುವುದು. ಸ್ನಾಯುವನ್ನು ಮೂಳೆಗೆ ಕಟ್ಟಿಹಿಡಿಯುವ ಸ್ನಾಯುರಜ್ಜು ಇನ್ನೂ ನಿಧಾನ. ನಿಮ್ಮಲ್ಲಿ ಬಸ್ಕಿಯೂ ಸ್ಕಿಪ್ಪಿಂಗೂ ಪ್ರತಿದಿನ ಅದೇ ಮಂಡಿಯ ಮೇಲೆ ಬೀಳುತ್ತಿವೆ.

ವ್ಯಾಯಾಮ ಕಡಿಮೆಯಾದೀತು ಎಂಬ ಅಳುಕು ಬೇಡ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಈಗ ನೀವು ಮಾಡುತ್ತಿರುವುದು 315 ನಿಮಿಷ. ಎರಡು ದಿನ ಬಿಟ್ಟರೂ 225 ಉಳಿಯುತ್ತದೆ.

ಡಂಬೆಲ್, ಬಸ್ಕಿಗಳನ್ನು ಸೋಮವಾರ, ಗುರುವಾರಕ್ಕೆ ಇಟ್ಟುಕೊಳ್ಳಿ. ಮಂಗಳವಾರ, ಶುಕ್ರವಾರ, ಶನಿವಾರ ಕಾರ್ಡಿಯೊ. ಮಂಡಿ ನೋವು ಇಳಿಯುವ ತನಕ ಅದು ಚುರುಕು ನಡಿಗೆಯೇ ಆಗಿರಲಿ, ಮಾತಾಡಲು ಆಗಬೇಕು, ಹಾಡಲು ಆಗಬಾರದು ಅನ್ನುವಷ್ಟು ವೇಗದಲ್ಲಿ. ಬುಧವಾರ, ಭಾನುವಾರ ವಿಶ್ರಾಂತಿ. ಎಂದಾದರೂ ಎರಡನ್ನೂ ಒಂದೇ ದಿನ ಮಾಡಬೇಕಾಗಿ ಬಂದರೆ, ಮೈ ಬೆಚ್ಚಗೆ ಮಾಡಿಕೊಂಡು ಮೊದಲು ಡಂಬೆಲ್, ಆಮೇಲೆ ನಡಿಗೆ. ದಣಿದ ಮೈಯಲ್ಲಿ ಭಾರ ಎತ್ತಿದರೆ ಭಂಗಿ ತಪ್ಪುತ್ತದೆ. ಮಾರ್ಚ್ ಕೊನೆಯಲ್ಲಿ ನಿಮ್ಮ ಬ್ಯಾಂಕಿನವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆಗ ತಪ್ಪಿದ್ದನ್ನು ಮರುದಿನ ಸೇರಿಸಿ ದುಪ್ಪಟ್ಟು ಮಾಡಬೇಡಿ, ಬಿಟ್ಟು ಮುಂದೆ ಹೋಗಿ.

ಇನ್ನು ಮನೆಯವರ ವಿಷಯ. ಯಜಮಾನರ ಮೌನ ನನಗೆ ಸರಿಕಾಣಲಿಲ್ಲ. ಅವರ ಬಳಿ ಅನುಮತಿ ಕೇಳುವ ಧಾಟಿಯಲ್ಲಿ ಮಾತು ತೆಗೆಯಬೇಡಿ. ವಾರದಲ್ಲಿ ಎರಡು ದಿನ ಬೆಳಗಿನ ಚಹಾ, ಮಕ್ಕಳ ಡಬ್ಬಿ ಅವರು ನೋಡಿಕೊಳ್ಳಲಿ. ಯಾವ ದಿನ ಎಂದು ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ. ಅತ್ತೆಯವರಿಗೆ ವೇಳಾಪಟ್ಟಿ ವಿವರಿಸುವುದಕ್ಕಿಂತ ಮಂಡಿ ನೋವಿನ ಬಗ್ಗೆ ಹೇಳಿ. ಆ ನೋವು ಏನೆಂದು ಅವರಿಗೆ ಬಹುಶಃ ನಿಮಗಿಂತ ಚೆನ್ನಾಗಿ ಗೊತ್ತು.

ನಿದ್ದೆಗೇಡು, ಸಿಡುಕು ಅತಿಯಾದ ವ್ಯಾಯಾಮದಿಂದ ಬರಬಹುದು. ಆದರೆ ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್, ರಕ್ತಹೀನತೆಯಿಂದಲೂ ಬರಬಹುದು. ಮುಟ್ಟು ಏರುಪೇರಾಗಿದ್ದರೆ ತಡಮಾಡದೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ. ಮಂಡಿ ಊದಿಕೊಂಡರೆ, ಮಡಚಿದಾಗ ಸಿಕ್ಕಿಕೊಂಡರೆ, ಅಥವಾ ಎರಡು ವಾರ ಈ ಕ್ರಮ ಪಾಲಿಸಿದರೂ ಮೆಟ್ಟಿಲು ಇಳಿಯುವಾಗ ನೋಯುತ್ತಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಸ್ಕಿಪ್ಪಿಂಗ್ ಹಗ್ಗವನ್ನಂತೂ ಇವತ್ತೇ ಎತ್ತಿಡಿ.