ಹಲ್ಲಿಲ್ಲದ ಅಮೀಬಾ ಕರುಳನ್ನು ಕೊರೆಯುವುದು ಹೇಗೆ?

ಪ್ರಶ್ನೆ: ನನಗೆ ರಕ್ತಭೇದಿ ಆಗಿತ್ತು. ಅಮೀಬಾದಿಂದ ದೊಡ್ಡ ಕರುಳಲ್ಲಿ ಹುಣ್ಣಾಗಿದೆ ಅಂದರು. ಕಣ್ಣಿಗೇ ಕಾಣದ ಜೀವಿ ಹುಣ್ಣು ಮಾಡುವುದಾದರೂ ಹೇಗೆ? ಮೆಟ್ರೊನಿಡಜೋಲ್ ಮುಗಿಸಿ ಹುಷಾರಾಗಿದ್ದೇನೆ. ಆದರೂ ಇನ್ನೊಂದು ಮಾತ್ರೆ ಬರೆದಿದ್ದಾರೆ. ಅದು ಬೇಕೇ ಬೇಕಾ?

ಉತ್ತರ: ಬೇಕೇ ಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಹುಣ್ಣಿನ ವಿಚಾರ.

ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಈ ಪರಾವಲಂಬಿಯ ಆಯುಧ ಅದರ ಕಿಣ್ವಗಳು. ಸಿಸ್ಟೀನ್ ಪ್ರೋಟಿಯೇಸ್ ಅನ್ನುವ ಕಿಣ್ವಗಳನ್ನು ಅದು ಹೊರಗೆ ಬಿಡುತ್ತದೆ. ಪ್ರೋಟೀನನ್ನು ತುಂಡು ಮಾಡುವುದೇ ಇವುಗಳ ಕೆಲಸ.

ಕರುಳಿನ ಒಳಗೋಡೆಗೆ ಲೋಳೆಯ ಕಾವಲಿರುತ್ತದೆ. ಆ ಲೋಳೆಯನ್ನು ಗಟ್ಟಿಯಾಗಿ ಹಿಡಿದಿಡುವುದು ಮ್ಯೂಸಿನ್ ಪ್ರೋಟೀನ್. ಕಿಣ್ವ ಅದನ್ನು ಕತ್ತರಿಸಿದರೆ ಲೋಳೆ ಸಡಿಲವಾಗಿ, ಅಮೀಬಾಗೆ ದಾರಿ ಸಿಗುತ್ತದೆ. ಆಮೇಲೆ ಅದು ಗೋಡೆಯ ಜೀವಕೋಶಗಳಿಗೆ ಅಂಟಿಕೊಂಡು ಅವನ್ನು ಕೊಲ್ಲುತ್ತದೆ. ಕೋಶಗಳ ನಡುವಿನ ಕೊಲ್ಯಾಜನ್ ಹಂದರವನ್ನೂ ಕಿಣ್ವಗಳು ಕರಗಿಸುತ್ತವೆ. ಆಳಕ್ಕೆ ಇಳಿದ ಮೇಲೆ ಅಮೀಬಾ ಅಡ್ಡಡ್ಡ ಹರಡುತ್ತದೆ. ಹಾಗಾಗಿ ಹುಣ್ಣಿನ ಬಾಯಿ ಚಿಕ್ಕದು, ಒಳಗೆ ಅಗಲ, ಹೂಜಿಯ ಹಾಗೆ. ಮೇಲಿಂದ ನೋಡಿದರೆ ಎಷ್ಟು ಹಾನಿಯಾಗಿದೆ ಅಂತ ಗೊತ್ತೇ ಆಗುವುದಿಲ್ಲ.

ಹಾನಿಯೆಲ್ಲ ಅಮೀಬಾ ಒಂದರದ್ದೇ ಅಲ್ಲ. ಅದನ್ನು ಎದುರಿಸಲು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಅಮೀಬಾ ಅವನ್ನೇ ಒಡೆದು ಹಾಕಿದಾಗ ಒಳಗಿದ್ದ ಕಿಣ್ವಗಳು ಚೆಲ್ಲಿ, ನಮ್ಮದೇ ಅಂಗಾಂಶಕ್ಕೆ ಪೆಟ್ಟು ಬೀಳುತ್ತದೆ. ನಮ್ಮ ಪ್ರತಿಕಾಯಗಳನ್ನೂ ಅಮೀಬಾದ ಕಿಣ್ವ ತುಂಡರಿಸಬಲ್ಲದು.

ಕಿಣ್ವದ ಮಹತ್ವ ಎಷ್ಟು ಅಂತ ತಿಳಿಯಬೇಕಾದರೆ ಇದರ ಹತ್ತಿರದ ಸಂಬಂಧಿ ಅಮೀಬಾ ಎಂಟಮೀಬಾ ಡಿಸ್ಪಾರ್ ನೋಡಬೇಕು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮ್ಯೂಸಿನ್ ಕತ್ತರಿಸುವ ಮುಖ್ಯ ಕಿಣ್ವ ಡಿಸ್ಪಾರ್‌ನಲ್ಲಿ ಕೆಲಸ ಮಾಡುವ ರೂಪದಲ್ಲಿ ಇಲ್ಲ. ಅದು ಕರುಳಲ್ಲಿ ಸುಮ್ನೆ ಇದ್ದು ಹೋಗುತ್ತದೆ. ವ್ಯತ್ಯಾಸಕ್ಕೆ ಇದೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣ.

ಇನ್ನು ಮಾತ್ರೆ. ಮೆಟ್ರೊನಿಡಜೋಲ್ ಚೆನ್ನಾಗಿ ರಕ್ತಕ್ಕೆ ಸೇರಿ, ಗೋಡೆಯೊಳಗಿನ ಅಮೀಬಾಗಳನ್ನು ಕೊಲ್ಲುತ್ತದೆ. ಕರುಳಿನ ಪೊಳ್ಳಿನಲ್ಲಿ, ಗಟ್ಟಿ ಕವಚದ ಸಿಸ್ಟ್ ರೂಪದಲ್ಲಿ ಇರುವವು ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಅವುಗಳಿಗಾಗಿಯೇ ಪ್ಯಾರೊಮೊಮೈಸಿನ್ ಅಥವಾ ಡೈಲೊಕ್ಸನೈಡ್ ಕೊಡುತ್ತಾರೆ. ಬಿಟ್ಟರೆ ಕಾಯಿಲೆ ಮರುಕಳಿಸಬಹುದು, ಮನೆಯವರಿಗೂ ಹರಡಬಹುದು. ಮುಂದೆ ಜ್ವರದ ಜೊತೆ ಬಲ ಪಕ್ಕೆಲುಬಿನ ಕೆಳಗೆ ನೋವು ಬಂದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಅಮೀಬಾ ಯಕೃತ್ತಿಗೆ ಹೋಗಿ ಕೀವು ಕಟ್ಟಿರಬಹುದು. ಭೇದಿ ನಿಂತು ತಿಂಗಳುಗಳಾದ ಮೇಲೂ ಹೀಗಾಗುವುದುಂಟು.