ನವೆಂಬರ್ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿಯ ಸುತ್ತಮುತ್ತ ನೆಲೆಸಿರುವ 11 ಮಂದಿ ಕನ್ನಡಿಗ ಸ್ನೇಹಿತರು. ಪ್ರತಿ ಅಕ್ಟೋಬರ್‌ನಲ್ಲಿ ಒಬ್ಬರ ಮನೆಯಲ್ಲಿ ಸೇರಿ, ಸರದಿಯ ಪ್ರಕಾರ ತಲಾ 8 ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಆರಿಸಿಕೊಳ್ಳುತ್ತೇವೆ. ತಂಡ ಗೆದ್ದ ಪ್ರತಿ ಪಂದ್ಯಕ್ಕೆ 1 ಅಂಕ, ದೇಶದ ಚಾಂಪಿಯನ್ ಕಾಲೇಜನ್ನು ನಿರ್ಧರಿಸುವ, ಮಾರ್ಚ್‌ನಲ್ಲಿ ಆರಂಭವಾಗುವ ಎನ್‌ಸಿಎಎ ಟೂರ್ನಿಯ ಪ್ರತಿ ಗೆಲುವಿಗೆ 5 ಅಂಕ. ಹಣದ ಪಂತವಿಲ್ಲ, ಕಡೆಯ ಸ್ಥಾನದಲ್ಲಿ ಉಳಿದವರು ಏಪ್ರಿಲ್‌ನಲ್ಲಿ ಎಲ್ಲರಿಗೂ ಹೋಳಿಗೆ ಊಟ ಹಾಕಬೇಕು. ಮೂರು ವಾರ ಮುಗಿದಿದ್ದು, ನಾನು 32 ಅಂಕಗಳೊಡನೆ ಒಂಬತ್ತನೆಯ ಸ್ಥಾನದಲ್ಲಿದ್ದೇನೆ. ಮೊದಲ ಸ್ಥಾನದ ಗೆಳೆಯನಿಗೆ 39 ಅಂಕಗಳಿವೆ. ಡಿಸೆಂಬರ್ 31ರೊಳಗೆ ಒಂದು ತಂಡವನ್ನು ಬದಲಿಸಲು ಅವಕಾಶವಿದೆ. ಈಗಾಗಲೇ 3 ಪಂದ್ಯ ಸೋತಿರುವ ನನ್ನ ತಂಡವನ್ನು ಕೈಬಿಡಲೇ? ನಮ್ಮ ಪಟ್ಟಿಯನ್ನು ಲಗತ್ತಿಸಿದ್ದೇನೆ.
– ಒಬ್ಬ ಓದುಗ, ರಾಲಿ

ಉತ್ತರ: ನೀವು ಕಳುಹಿಸಿದ ಪಟ್ಟಿಯಲ್ಲಿ ಗೆಲುವಿನ ಕಾಲಂ ಮಾತ್ರ ದಪ್ಪ ಅಕ್ಷರದಲ್ಲಿದೆ, ಎಷ್ಟು ಪಂದ್ಯಗಳಾದವು ಎಂಬುದು ಬಲತುದಿಯಲ್ಲಿ ಸಣ್ಣದಾಗಿ ಅಡಗಿದೆ. ಅದನ್ನು ಕೂಡಿಸಿ ನೋಡಿದೆ. ನಿಮ್ಮ ಎಂಟು ತಂಡಗಳು ಒಟ್ಟು 41 ಪಂದ್ಯಗಳನ್ನು ಆಡಿವೆ, ನಿಮ್ಮ ಗೆಳೆಯನ ತಂಡಗಳು 48. ಅಂದರೆ ನೀವಿಬ್ಬರೂ ಸೋತಿರುವುದು ಒಂದೇ ಸಮನಾಗಿ 9 ಪಂದ್ಯ. ನಿಮ್ಮಿಬ್ಬರ ನಡುವಿನ ಆ 7 ಅಂಕಗಳ ಅಂತರವೆಲ್ಲ ನಿಮ್ಮ ತಂಡಗಳು ಇನ್ನೂ ಆಡದಿರುವ 7 ಪಂದ್ಯಗಳಿಂದ ಬಂದದ್ದು. ಎಲ್ಲ ತಂಡಗಳೂ ಮಾರ್ಚ್ ಆರಂಭದ ಹೊತ್ತಿಗೆ ಹೆಚ್ಚುಕಡಿಮೆ 30 ಪಂದ್ಯಗಳನ್ನು ಮುಗಿಸುವುದರಿಂದ ಈ ಬಾಕಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಅವುಗಳಲ್ಲಿ ಎಲ್ಲವನ್ನೂ ನೀವು ಗೆಲ್ಲುತ್ತೀರಿ ಎಂದು ನಾನು ಹೇಳುತ್ತಿಲ್ಲ.

ಇನ್ನು, ಆ ಗೆಲುವುಗಳು ಎಲ್ಲಿ, ಯಾರ ಮೇಲೆ ಬಂದವು ಎಂಬುದನ್ನು ನೋಡಬೇಕು. ನವೆಂಬರ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಸಣ್ಣ ಕಾಲೇಜುಗಳಿಗೆ ಪಂದ್ಯವೊಂದಕ್ಕೆ ಹತ್ತಿರ ಹತ್ತಿರ ಲಕ್ಷ ಡಾಲರ್‌ವರೆಗೂ ಕೊಟ್ಟು ತಮ್ಮ ಅಂಗಣಕ್ಕೆ ಕರೆಸಿಕೊಳ್ಳುತ್ತವೆ; ಬಂದವರಿಗೆ ಹಣ, ಕರೆದವರಿಗೆ ಗೆಲುವು ಎಂಬುದು ಬಾಯಿಬಿಟ್ಟು ಹೇಳದ ಒಪ್ಪಂದ. ಒಮ್ಮೊಮ್ಮೆ ಇದು ತಿರುಗುಬಾಣವಾಗುವುದೂ ಉಂಟು. 2019ರ ನವೆಂಬರ್ 12ರಂದು, ದೇಶದ ಮೊದಲ ರ‍್ಯಾಂಕಿನಲ್ಲಿದ್ದ ಕೆಂಟಕಿ ತಂಡವನ್ನು ಅದರ ತವರಿನಲ್ಲೇ ಇವಾನ್ಸ್‌ವಿಲ್ 67–64ರಿಂದ ಸೋಲಿಸಿತು. ಆ ರಾತ್ರಿ ಯಾರದಾದರೂ ಪೂಲ್‌ನಲ್ಲಿ (ನಿಮ್ಮಂತೆ ತಂಡಗಳನ್ನು ಆರಿಸಿ ಅಂಕ ಎಣಿಸುವ ಗುಂಪಿನಲ್ಲಿ) ಇವಾನ್ಸ್‌ವಿಲ್ ಇದ್ದಿದ್ದರೆ ಅವರು ಎಷ್ಟು ಬೀಗಿರಬಹುದೆಂದು ಊಹಿಸಿಕೊಳ್ಳಿ. ಅದೇ ಇವಾನ್ಸ್‌ವಿಲ್ ಆ ವರ್ಷ ತನ್ನ ಕಾನ್ಫರೆನ್ಸ್‌ನ, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪಿನ, 18 ಪಂದ್ಯಗಳಲ್ಲಿ 18ನ್ನೂ ಸೋತಿತು. ಕೆಂಟಕಿ ತನ್ನ ಕಾನ್ಫರೆನ್ಸ್‌ನಲ್ಲಿ ಅಗ್ರಸ್ಥಾನ ಪಡೆಯಿತು.

ನಿಮ್ಮ ಊರಿನಿಂದ ಅರ್ಧ ಗಂಟೆಯ ದಾರಿಯ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ತಂಡದ ಕಥೆ ನಿಮಗೆ ನೆನಪಿರಬಹುದು. 2022–23ರ ಋತು ಆರಂಭವಾಗುವ ಮೊದಲೇ ಅದಕ್ಕೆ ಮೊದಲ ರ‍್ಯಾಂಕ್ ಸಿಕ್ಕಿತ್ತು. ಮೊದಲ ಐದು ಪಂದ್ಯಗಳನ್ನೂ ಗೆದ್ದಿತು. ಮುಂದಿನ ನಾಲ್ಕನ್ನು ಒಂದರ ಹಿಂದೊಂದರಂತೆ ಸೋತಿತು. ಅವುಗಳಲ್ಲಿ ಅಲಬಾಮಾ ವಿರುದ್ಧದ್ದು ನಾಲ್ಕು ಹೆಚ್ಚುವರಿ ಅವಧಿಗಳವರೆಗೆ ಎಳೆದ ಪಂದ್ಯ. ಕೊನೆಗೆ ಆ ತಂಡ 68 ತಂಡಗಳ ಎನ್‌ಸಿಎಎ ಟೂರ್ನಿಗೇ ಆಯ್ಕೆಯಾಗಲಿಲ್ಲ. ಆ ಮೊದಲ ಐದು ಪಂದ್ಯ ಮುಗಿದಾಗಿನ ಪಟ್ಟಿಯಲ್ಲಿ ಮಾತ್ರ ಅದು ಕಳಂಕವಿಲ್ಲದ 5 ಅಂಕ ತಂದುಕೊಟ್ಟ ಚಿನ್ನದಂಥ ತಂಡವಾಗಿತ್ತು.

ನಿಮ್ಮ ಗೆಳೆಯನ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯಿದೆ. ಅವರ ಎಂಟರಲ್ಲಿ ನಾಲ್ಕು ತಂಡಗಳು, ಕಾನ್ಸಸ್, ಹ್ಯೂಸ್ಟನ್, ಅರಿಜೋನಾ ಮತ್ತು ಅಯೋವಾ ಸ್ಟೇಟ್, ಬಿಗ್ 12 ಎಂಬ ಒಂದೇ ಕಾನ್ಫರೆನ್ಸ್‌ಗೆ ಸೇರಿದವು. (ಹೆಸರಿನಲ್ಲಿ 12 ಇದ್ದರೂ ಅಲ್ಲಿ ಈಗ ಇರುವುದು 16 ತಂಡಗಳು, ಲೆಕ್ಕ ನಮ್ಮ ಕೈಯಲ್ಲಿಲ್ಲ.) ಹೊಸ ವರ್ಷದ ಹೊತ್ತಿಗೆ ಕಾನ್ಫರೆನ್ಸ್ ಪಂದ್ಯಗಳು ಆರಂಭವಾದಾಗ ಈ ನಾಲ್ಕೂ ಪರಸ್ಪರ ಕನಿಷ್ಠ ಒಂದೊಂದು ಬಾರಿ ಸೆಣಸುತ್ತವೆ. ನಾಲ್ಕು ತಂಡಗಳೆಂದರೆ ಆರು ಜೋಡಿ. ಆರು ಪಂದ್ಯಗಳಲ್ಲಿ ಯಾರೇ ಗೆದ್ದರೂ ಸೋಲುವ ತಂಡವೂ ಅವರದೇ. ಆರು ಸೋಲುಗಳನ್ನು ಅವರು ಅಕ್ಟೋಬರ್‌ನಲ್ಲಿಯೇ ಬರೆದುಕೊಟ್ಟಿದ್ದಾರೆ. ನಿಮ್ಮ ಎಂಟು ತಂಡಗಳು ಆರು ಕಾನ್ಫರೆನ್ಸ್‌ಗಳಲ್ಲಿ ಹಂಚಿಹೋಗಿವೆ, ಅದು ನಿಮ್ಮ ಜಾಣತನವೋ ಸರದಿ ತಡವಾಗಿ ಬಂದದ್ದರ ಫಲವೋ, ಅಂತೂ ಒಳ್ಳೆಯದೇ ಆಯಿತು. ದುರ್ಬಲ ಕಾನ್ಫರೆನ್ಸ್‌ನ ಬಲಿಷ್ಠ ತಂಡಕ್ಕೆ ಜನವರಿಯಲ್ಲಿ ಅಂಕ ಸುಲಭವಾಗಿ ಸಿಗುತ್ತದೆ: ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿದ್ದ ಗೊಂಜಾಗಾ 2020–21ರಲ್ಲಿ ಒಂದೂ ಸೋಲಿಲ್ಲದೆ 31 ಪಂದ್ಯಗಳನ್ನು ಗೆದ್ದು, ಫೈನಲ್‌ನಲ್ಲಿ ಬೇಲರ್‌ಗೆ 86–70ರಿಂದ ಮಣಿದಿತ್ತು.

ಈಗ ನಿಮ್ಮ ನಿಜವಾದ ಪ್ರಶ್ನೆ. ಮೂರು ಸೋಲುಗಳ ತಂಡವನ್ನು ಈ ವಾರ ಕೈಬಿಡಬೇಡಿ. ಆ ಮೂರೂ ಸೋಲುಗಳು ತಟಸ್ಥ ಅಂಗಣದಲ್ಲಿ ರ‍್ಯಾಂಕ್ ಪಡೆದ ತಂಡಗಳ ಎದುರು ಬಂದವೆಂದು ನೀವೇ ಟಿಪ್ಪಣಿ ಹಾಕಿದ್ದೀರಿ. ಆಟಗಾರರು ಒಂದು ವರ್ಷ ಹೊರಗೆ ಕೂರದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಹುದೆಂಬ ನಿಯಮ 2021ರಲ್ಲಿ ಬಂದ ಮೇಲೆ, ಅನೇಕ ತಂಡಗಳಲ್ಲಿ ನವೆಂಬರ್‌ನ ಐವರು ಒಬ್ಬರಿಗೊಬ್ಬರು ಹೊಸಬರೇ. ಚೆಂಡು ಯಾರ ಕೈಗೆ ಹೋಗಬೇಕೆಂಬುದು ತಿಳಿಯಲು ಅವರಿಗೆ ಒಂದೆರಡು ತಿಂಗಳು ಬೇಕಾಗುತ್ತದೆ. ಆಟ ನಡೆಸುವ ಗಾರ್ಡ್ ಗಾಯಗೊಂಡು ಋತುವಿನಿಂದಲೇ ಹೊರಬಿದ್ದರೆ ಬದಲಿಸಿ. ಇಲ್ಲವಾದರೆ ಡಿಸೆಂಬರ್ ಕೊನೆಯ ವಾರದವರೆಗೆ ಆ ಅವಕಾಶವನ್ನು ಕೈಯಲ್ಲೇ ಇಟ್ಟುಕೊಳ್ಳಿ.

ನಿಮ್ಮದೇ ಊರಿನ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಮಾಡಿದ್ದನ್ನು ನಿಮ್ಮ ನಿಯಮಗಳಲ್ಲಿ ಲೆಕ್ಕ ಹಾಕಿ ನೋಡಿದೆ. ಮಾರ್ಚ್ ಆರಂಭದವರೆಗೆ 17 ಗೆಲುವು, 14 ಸೋಲು: 17 ಅಂಕ. ಆಮೇಲೆ ಐದು ದಿನಗಳಲ್ಲಿ ಐದು ಪಂದ್ಯ ಗೆದ್ದು ಕಾನ್ಫರೆನ್ಸ್ ಟೂರ್ನಿಯನ್ನು ತನ್ನದಾಗಿಸಿಕೊಂಡಿತು: 5 ಅಂಕ. ತನ್ನ ವಿಭಾಗದ 16 ಶ್ರೇಯಾಂಕಗಳಲ್ಲಿ ಹನ್ನೊಂದನೆಯದರೊಡನೆ ಎನ್‌ಸಿಎಎ ಟೂರ್ನಿಗೆ ಹೋಗಿ ನಾಲ್ಕು ಪಂದ್ಯ ಗೆದ್ದು ಸೆಮಿಫೈನಲ್ ತಲುಪಿತು: 20 ಅಂಕ. ನಾಲ್ಕು ತಿಂಗಳಲ್ಲಿ 17, ಮೂರು ವಾರದಲ್ಲಿ 25. ನಿಮ್ಮನ್ನು ಕಾಡುತ್ತಿರುವ 7 ಅಂಕಗಳು ಎನ್‌ಸಿಎಎ ಟೂರ್ನಿಯ ಎರಡು ಗೆಲುವಿಗಿಂತ ಕಡಿಮೆ.

ಪ್ರಶ್ನೆ: ಪ್ರಥಮ ದರ್ಜೆಯ ತಂಡವು ಎರಡನೆಯ ದರ್ಜೆಯ, ಅಂದರೆ ಡಿವಿಷನ್ 2ರ ಕಾಲೇಜನ್ನು ಸೋಲಿಸಿದರೆ ಪೂಲ್‌ನಲ್ಲಿ ಅಂಕ ಕೊಡಬೇಕೇ? ಈ ಜಗಳದಿಂದ ನಮ್ಮ ವಾಟ್ಸ್ಆ್ಯಪ್ ಗುಂಪು ಎರಡು ಹೋಳಾಗಿದೆ.
– ಡಲ್ಲಾಸ್‌ನ ಓದುಗರು

ಉತ್ತರ: ಟೂರ್ನಿಗೆ ತಂಡಗಳನ್ನು ಆರಿಸುವಾಗ ಬಳಸುವ ನೆಟ್ ಎಂಬ ರ‍್ಯಾಂಕಿಂಗ್‌ನಲ್ಲಿ ಇಂಥ ಗೆಲುವು ಲೆಕ್ಕಕ್ಕೆ ಬರುವುದಿಲ್ಲ, ತಂಡದ ಸೋಲು-ಗೆಲುವಿನ ದಾಖಲೆಯಲ್ಲಿ ಬರುತ್ತದೆ. ಅಕ್ಟೋಬರ್‌ನ ಪ್ರದರ್ಶನ ಪಂದ್ಯಗಳು ಎರಡರಲ್ಲೂ ಇಲ್ಲ. ನಿಮ್ಮ ನಿಯಮದಲ್ಲಿ ‘ಗೆಲುವು’ ಎಂದಷ್ಟೇ ಇರುವುದರಿಂದ ಈ ವರ್ಷ ಅಂಕ ಕೊಡಿ. ಬೇಡವೆಂದಾದರೆ ಮುಂದಿನ ಅಕ್ಟೋಬರ್‌ನಲ್ಲಿ ತಿದ್ದಿಕೊಳ್ಳಿ, ಋತುವಿನ ನಡುವೆ ಬೇಡ. ಇಂಥ ಪಂದ್ಯವೆಂದರೆ ಪುಕ್ಕಟೆ ಅಂಕ ಎಂದು ವಾದಿಸುವವರಿಗೆ, 1982ರ ಡಿಸೆಂಬರ್‌ನಲ್ಲಿ ಹವಾಯಿಯ ಪುಟ್ಟ ಶಾಮಿನಾಡ್ ಕಾಲೇಜು ಮೊದಲ ರ‍್ಯಾಂಕಿನ ವರ್ಜೀನಿಯಾವನ್ನು 77–72ರಿಂದ ಸೋಲಿಸಿದ್ದನ್ನು ತಿಳಿಸಬಹುದು.

ಪ್ರಶ್ನೆ: ನಾನು ನಮ್ಮ ಪೂಲ್‌ನಲ್ಲಿ ಮೊದಲ ಸ್ಥಾನದಲ್ಲಿದ್ದೇನೆ. ಸ್ನೇಹಿತರು ಈಗಲೇ ಪಾರ್ಟಿ ಕೊಡಿಸೆಂದು ದುಂಬಾಲು ಬಿದ್ದಿದ್ದಾರೆ. ಕೊಡಿಸಲೇ?
– ಬೇ ಏರಿಯಾದ ಓದುಗರು

ಉತ್ತರ: ಕಾಫಿಗೆ ಕರೆಯಿರಿ, ಊಟಕ್ಕೆ ಬೇಡ. ಆ ಕಾಫಿಯ ಹೊತ್ತಿನಲ್ಲಿಯೇ, ಋತು ಅರ್ಧಕ್ಕೆ ನಿಂತರೆ ವಿಜೇತರು ಯಾರೆಂಬುದನ್ನು ಬರೆದಿಟ್ಟುಕೊಳ್ಳಿ. 2020ರ ಮಾರ್ಚ್ 12ರಂದು ಕೋವಿಡ್ ಕಾರಣದಿಂದ ಟೂರ್ನಿ ರದ್ದಾದಾಗ, ನನಗೆ ಪರಿಚಯವಿರುವ ಒಂದು ಗುಂಪಿನಲ್ಲಿ ಅಂಥ ನಿಯಮವಿರಲಿಲ್ಲ. ಆ ವರ್ಷದ ಊಟ ಯಾರದೆಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ.